ರಕ್ತದ ಅಮಾನತ್ತು

ಕ್ಯಾತನಹಳ್ಳಿಯಲ್ಲಿ ನಮ್ಮ ಖಾಲಾ ಮನೆ ಇತ್ತು. ಬೇಸಿಗೆ ರಜೆ ಬಂತೆಂದರೆ ಪಾಂಡವಪುರದಲ್ಲಿ ಬಸ್ಸು ಹತ್ತಿ ಅಲ್ಲಿಗೆ ಹೋಗುವುದು ನಮಗೆ ರೂಢಿ. ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಹಾಗೆ ಹೋಗಿದ್ದ ಒಂದು ದಿನ ಊರಿಗೆ ಜೀಪೊಂದು ಬಂತು. ಯಾವುದೋ ಜ್ವರದ ಬಗ್ಗೆ ಸಂಶೋಧನೆ ಮಾಡುವವರಂತೆ. ಶಾಲೆಯ ಜಗಲಿಯಲ್ಲಿ ಎರಡು ಮೇಜು ಹಾಕಿದರು. ರಕ್ತ ಪರೀಕ್ಷೆ ಪುಕ್ಕಟೆ, ಬಂದವರಿಗೆ ಒಂದು ಪೊಟ್ಟಣ ಬಿಸ್ಕತ್ತು, ಒಂದು ಎಲೆ ಶಕ್ತಿ ಮಾತ್ರೆ ಎಂದು ಸುದ್ದಿ ಹಬ್ಬಿತು. ಹೆಂಗಸರು ಸಾಲು ನಿಂತರು.

ಖಾಲಾ ನಮ್ಮನ್ನೂ ಜತೆಗೆ ಕರೆದುಕೊಂಡು ಹೋದರು. ಮನೆಯಲ್ಲಿ ಓದಿದವರೆಂದರೆ ನಾವೇ. ಪ್ರಾಥಮಿಕ ಶಾಲೆ ಉರ್ದುವಿನಲ್ಲಿ, ಆಮೇಲಿನದೆಲ್ಲ ಕನ್ನಡದಲ್ಲಿ ಓದಿದ ನಮಗೆ ಎರಡೂ ಕಡೆಯ ಅಕ್ಷರ ಗೊತ್ತೆಂಬ ಸಣ್ಣ ಜಂಬವೂ ಇತ್ತು. ಮೇಜಿನ ಹಿಂದೆ ಕುಳಿತಿದ್ದ ಹುಡುಗ ಎರಡು ಪುಟದ ಕಾಗದ ಚಾಚಿದ. ಕನ್ನಡದಲ್ಲೇ ಇತ್ತು. 'ಸದರಿ ಅಧ್ಯಯನದ ಉದ್ದೇಶವನ್ನು ನನಗೆ ಮನದಟ್ಟಾಗುವಂತೆ ವಿವರಿಸಲಾಗಿದ್ದು' ಎಂಬಂಥ ಕಚೇರಿ ಕನ್ನಡ. ನಾಲ್ಕು ಸಾಲು ಓದಿದೆವು. ಹಿಂದೆ ಜನ ತಳ್ಳುತ್ತಿದ್ದರು, ಬಿಸಿಲು ಏರುತ್ತಿತ್ತು. "ಏನೂ ಇಲ್ಲ ಖಾಲಾ, ಒತ್ತಿ" ಎಂದೆವು. ಖಾಲಾ ಹೆಬ್ಬೆಟ್ಟು ಒತ್ತಿದರು.

ಅವರ ಹಿಂದೆ ನಿಂತಿದ್ದ ಪಕ್ಕದ ಮನೆಯ ಗೌಡರ ಅವ್ವ ಮಾತ್ರ ಒಂದು ಪ್ರಶ್ನೆ ಕೇಳಿದರು: "ಇಷ್ಟೊಂದ್ ರಕ್ತವ ತಗೊಂಡೋಗಿ ಏನ್ ಮಾಡಾರಪ್ಪ?" ಎಲ್ಲರೂ ನಕ್ಕರು. ಮೇಜಿನ ಹಿಂದಿನ ಹುಡುಗನೂ ನಕ್ಕ. ಉತ್ತರವನ್ನು ಯಾರೂ ಹೇಳಲಿಲ್ಲ. ಸಂಜೆಗೆ ಜೀಪು ಹೊರಟುಹೋಯಿತು. ಮತ್ತೆ ಬರಲಿಲ್ಲ.

ಖಾಲಾ ಬದುಕಿದ್ದಷ್ಟು ದಿನ ನಾವು ಊರಿಗೆ ಹೋದಾಗಲೆಲ್ಲ ಒಂದು ಮಾತು ಕೇಳುತ್ತಿದ್ದರು: "ಮೇರಾ ಖೂನ್ ಕ್ಯಾ ಬೋಲ್ಯಾ ರೇ?" ನನ್ನ ರಕ್ತ ಏನು ಹೇಳಿತೋ? ಮೊದಲು ತಮಾಷೆಯಾಗಿ, ಆಮೇಲೆ ಮೈಯಲ್ಲಿ ಹುಷಾರು ತಪ್ಪತೊಡಗಿದ ಮೇಲೆ ಸ್ವಲ್ಪ ಭಯದಿಂದ. ನಮ್ಮ ಬಳಿ ಉತ್ತರ ಇರಲಿಲ್ಲ. ಆ ರಕ್ತ ಯಾವ ಊರಿನ ಯಾವ ಪೆಟ್ಟಿಗೆ ಸೇರಿತು, ಯಾವ ಪತ್ರಿಕೆಯಲ್ಲಿ ಒಂದು ಅಂಕಿಯಾಗಿ ಅಚ್ಚಾಯಿತು ಎಂಬುದು ಇವತ್ತಿಗೂ ನಮಗೆ ತಿಳಿಯದು.

ಇದೇನು ದೊಡ್ಡ ಅನ್ಯಾಯವೆ? ಖಾಲಾಗೆ ಆದ ನಷ್ಟವೆಂದರೆ ಒಂದು ಸಣ್ಣ ಸೀಸೆ ರಕ್ತ. ಎರಡು ದಿನದಲ್ಲಿ ಮೈ ಅದನ್ನು ತುಂಬಿಕೊಂಡಿರುತ್ತದೆ. ಹಾಗಿದ್ದರೂ ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಅದಕ್ಕೆ ಕಾರಣವನ್ನು ಹುಡುಕುವುದೇ ಈ ಬರಹದ ಉದ್ದೇಶ.

*

ರೋಗಾಣುಗಳ ಅಧ್ಯಯನಕ್ಕಾಗಿ ಮನುಷ್ಯರ ರಕ್ತ, ಕಫ, ಮಲ, ಮೂತ್ರಗಳನ್ನು ಸಂಗ್ರಹಿಸುವುದು ಇವತ್ತಿನ ವಿಜ್ಞಾನದಲ್ಲಿ ದಿನನಿತ್ಯದ ಕೆಲಸ. ಅವುಗಳ ಫಲ ಲೇಖನವಾಗಿ ಪ್ರಕಟವಾಗುತ್ತದೆ. ಅಂಥ ಒಂದು ಲೇಖನದ ಸುತ್ತ ನಮ್ಮ ಬೆಂಗಳೂರಿನಲ್ಲೇ ಎದ್ದ ಗದ್ದಲವನ್ನು ಓದುಗರಲ್ಲಿ ಕೆಲವರಾದರೂ ಮರೆತಿರಲಾರರು.

ಬೆಂಗಳೂರಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ, ಎನ್‌ಸಿಬಿಎಸ್ ಎಂದು ಕರೆಯುವ ಜೀವವಿಜ್ಞಾನ ಕೇಂದ್ರವಿದೆ. ಅಲ್ಲಿನ ಸಂಶೋಧಕರು ನಾಗಾಲ್ಯಾಂಡಿನ ಮಿಮಿ ಎಂಬ ಹಳ್ಳಿಗೆ ಹೋದರು. ಮ್ಯಾನ್ಮಾರ್ ಗಡಿಯ ಕಡೆಯ ಹಳ್ಳಿ ಅದು. ಅಲ್ಲಿನ ಒಂದು ಕುಲದವರು ವರ್ಷಕ್ಕೊಮ್ಮೆ ಗುಹೆಗಳಿಗೆ ಹೋಗಿ ಬಾವಲಿಗಳನ್ನು ಹಿಡಿಯುತ್ತಾರೆ, ಆಹಾರಕ್ಕೂ ನಾಟಿ ಔಷಧಿಗೂ. ತಲೆಮಾರುಗಳಿಂದ ನಡೆದು ಬಂದ ಪದ್ಧತಿ. ಬಾವಲಿಯಿಂದ ಮನುಷ್ಯನಿಗೆ ವೈರಸ್ಸುಗಳು ದಾಟುತ್ತವೆಯೇ ಎಂದು ತಿಳಿಯಲು ಬಾವಲಿಗಳ ರಕ್ತದ ಜತೆಗೆ ಹಳ್ಳಿಯ 85 ಮಂದಿಯ ರಕ್ತವನ್ನೂ 2017ರಲ್ಲಿ ಪಡೆದರು. ಎಬೋಲಾದ ಬಳಗಕ್ಕೆ ಸೇರಿದ ವೈರಸ್ಸುಗಳಿಗೆ ಸ್ಪಂದಿಸುವ ಪ್ರತಿಕಾಯಗಳು ಬಾವಲಿಗಳಲ್ಲೂ ಕೆಲವು ಮನುಷ್ಯರಲ್ಲೂ ಕಂಡುಬಂದವು. ಹಾಗೆಂದರೆ ಅಲ್ಲಿ ಎಬೋಲಾ ರೋಗ ಇತ್ತು ಎಂದಲ್ಲ. ಅಂಥದೇ ಯಾವುದೋ ವೈರಸ್ಸು ಸದ್ದಿಲ್ಲದೆ ಬಂದು ಹೋಗಿರಬಹುದು ಎಂದಷ್ಟೆ ಅರ್ಥ. 2019ರ ಅಕ್ಟೋಬರಿನಲ್ಲಿ ಅದು ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಲೇಖನವಾಗಿ ಬಂತು.

ಮೂರು ತಿಂಗಳು ಯಾರೂ ಅದರತ್ತ ತಲೆ ಹಾಕಲಿಲ್ಲ. ಆಮೇಲೆ ಚೀನಾದ ವುಹಾನಿನಿಂದ ಕೊರೋನಾ ಸುದ್ದಿ ಬಂತು. ಲೇಖನದ ಹನ್ನೆರಡು ಲೇಖಕರಲ್ಲಿ ಇಬ್ಬರು ವುಹಾನಿನ ವೈರಾಣು ಸಂಸ್ಥೆಯವರು, ಹಣದ ಮೂಲಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಒಂದು ಅಂಗದ ಹೆಸರಿದೆ ಎಂದು 2020ರ ಫೆಬ್ರವರಿ ಆರಂಭದಲ್ಲಿ ಪತ್ರಿಕೆಗಳು ವರದಿ ಮಾಡಿದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಐವರ ತಂಡವೊಂದನ್ನು ವಿಚಾರಣೆಗೆ ಕಳುಹಿಸಿತು. ವಿದೇಶಿ ಸಹಭಾಗಿತ್ವದ ಆರೋಗ್ಯ ಸಂಶೋಧನೆಗೆ ಬೇಕಾದ ಸರ್ಕಾರಿ ಅನುಮತಿ ಇತ್ತೇ ಎಂಬುದು ಪ್ರಶ್ನೆ. ಮಾದರಿಗಳು ದೇಶ ಬಿಟ್ಟು ಹೊರಗೆ ಹೋಗಿಲ್ಲ, ವುಹಾನಿನವರು ಪರೀಕ್ಷೆಗೆ ಬೇಕಾದ ಸಾಮಗ್ರಿ ಒದಗಿಸಿದ ಕಾರಣಕ್ಕೆ ಅವರ ಹೆಸರು ಸೇರಿದೆ, ನೈತಿಕ ಸಮಿತಿಯ ಒಪ್ಪಿಗೆ ಇತ್ತು ಎಂದು ಬೆಂಗಳೂರಿನ ಸಂಸ್ಥೆ ಹೇಳಿತು.

ಸಂಶೋಧಕರು ತಪ್ಪು ಮಾಡಿದರೆಂದು ಹೇಳಲು ನಾವು ಈ ಪ್ರಸಂಗ ಎತ್ತಿಲ್ಲ. ಆ ತೀರ್ಪು ಕೊಡಲು ನಾವು ಯಾರೂ ಅಲ್ಲ. ನಮ್ಮನ್ನು ಕಾಡಿದ್ದು ಇನ್ನೊಂದು ಸಂಗತಿ. ಆ ದಿನಗಳಲ್ಲಿ ಎದ್ದ ಪ್ರಶ್ನೆಗಳೆಲ್ಲ ದೇಶದ ಬಗ್ಗೆ: ಹಣ ಯಾರದು? ಹೆಸರು ಯಾರದು? ಮಾದರಿ ಗಡಿ ದಾಟಿತೇ? ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಮಿಮಿಯ ಆ 85 ಮಂದಿಗೆ ಏನು ಹೇಳಲಾಗಿತ್ತು, ಯಾವ ಭಾಷೆಯಲ್ಲಿ ಹೇಳಲಾಗಿತ್ತು, ಫಲಿತಾಂಶ ಬಂದ ಮೇಲೆ ಅವರಿಗೆ ಏನು ತಿಳಿಸಲಾಯಿತು, ತಮ್ಮ ಹಳ್ಳಿಯ ಹೆಸರು ಎಬೋಲಾ, ವುಹಾನ್ ಎಂಬ ಪದಗಳ ಪಕ್ಕದಲ್ಲಿ ಅಚ್ಚಾದಾಗ ಅವರಿಗೆ ಏನನ್ನಿಸಿತು? ನಾವು ಓದಿದ ಸುದ್ದಿಗಳಲ್ಲಿ ಈ ಪ್ರಶ್ನೆಗಳು ಕಾಣಲಿಲ್ಲ. ರಕ್ತ ಕೊಟ್ಟವರ ಒಂದು ಮಾತೂ ಅಲ್ಲಿ ಇರಲಿಲ್ಲ.

ಇದು ಹೊಸದೇನಲ್ಲ. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ವಿದೇಶಿ ನೆರವಿನ ಸಂಶೋಧನೆಗಳ ಮೇಲೆ ಕಟುವಾದ ವರದಿ ಕೊಟ್ಟಿತ್ತು. ದಿಲ್ಲಿಯ ಸೊಳ್ಳೆ ಪ್ರಯೋಗದಿಂದ ಹಿಡಿದು ಪಕ್ಷಿತಜ್ಞ ಸಲೀಂ ಅಲಿಯವರು ಮುನ್ನಡೆಸಿದ್ದ ವಲಸೆ ಹಕ್ಕಿಗಳ ಅಧ್ಯಯನದವರೆಗೆ ಅದರಲ್ಲಿ ವಿಚಾರಣೆಗೆ ಬಂದವು. ಆ ಹಕ್ಕಿಗಳ ಅಧ್ಯಯನಕ್ಕೂ ನಮ್ಮ ಮಲೆನಾಡಿಗೂ ನಂಟಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಸ್ಸು ಹಕ್ಕಿಗಳ ಮೈಮೇಲಿನ ಉಣ್ಣೆಗಳ ಮೂಲಕ ದೂರದೇಶದಿಂದ ಬಂದಿರಬಹುದೇ ಎಂಬುದು ಅದರ ಒಂದು ಪ್ರಶ್ನೆಯಾಗಿತ್ತು. ಮುಂದೆ ಅದಕ್ಕೆ ಅಮೆರಿಕದ ಸೇನೆಯ ಹಣ ಬಂದದ್ದರಿಂದ ಗುಮಾನಿ ಹುಟ್ಟಿತು. ಆಗಲೂ ಚರ್ಚೆಯಾದದ್ದು ದೇಶದ ಭದ್ರತೆ. ಭದ್ರತೆಗೆ ಧಕ್ಕೆ ಬಂತೆಂದರೆ ಸರ್ಕಾರಕ್ಕೆ ಕಿವಿ ಕೇಳಿಸುತ್ತದೆ. ಹಳ್ಳಿಯ ಜಗಲಿಯ ಮೇಲೆ ಒಬ್ಬ ಹೆಂಗಸು ಕೇಳಿದ ಪ್ರಶ್ನೆ ಮಾತ್ರ ಯಾವ ಸಮಿತಿಯ ಕಿವಿಗೂ ಬೀಳುವುದಿಲ್ಲ.

*

ನೈತಿಕ ಸಮಿತಿಯ ಒಪ್ಪಿಗೆ ಎಂಬ ಮಾತು ಮೇಲೆ ಬಂತು. ಮನುಷ್ಯರ ಮೇಲೆ ನಡೆಯುವ ಪ್ರತಿ ಅಧ್ಯಯನವನ್ನೂ ಅದು ಆರಂಭವಾಗುವ ಮೊದಲೇ ಒಂದು ಸ್ವತಂತ್ರ ಸಮಿತಿ ಪರಿಶೀಲಿಸಬೇಕು. ಸಮಿತಿ ಒಂದು ಸಂಖ್ಯೆ ಕೊಡುತ್ತದೆ. ಲೇಖನದಲ್ಲಿ ಆ ಸಂಖ್ಯೆಯನ್ನು ನಮೂದಿಸಬೇಕು. ವ್ಯವಸ್ಥೆ ಒಳ್ಳೆಯದೇ. ಆದರೆ ಸಂಖ್ಯೆ ಇದ್ದರೆ ಎಲ್ಲ ಇದ್ದಂತೆಯೆ?

ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿ ಸೋಂಕುರೋಗಗಳ ಒಂದು ದೊಡ್ಡ ಸಂಸ್ಥೆಯಿದೆ. ಕೊರೋನಾ ಕಾಲದಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯಿಂದ ರೋಗ ಬೇಗ ಹೋಗುತ್ತದೆಂದು 2020ರ ಮಾರ್ಚಿನಲ್ಲಿ ಲೇಖನ ಬರೆದ ದಿದಿಯೆ ರೌಲ್ ಆಗ ಅದರ ಮುಖ್ಯಸ್ಥರು. ಕೇವಲ 36 ರೋಗಿಗಳ ಮೇಲಿನ ಆ ಅಧ್ಯಯನ ಜಗತ್ತನ್ನೇ ಸುತ್ತಿತು. ಅದೇ ಮಾರ್ಚಿನಲ್ಲಿ ನಮ್ಮ ಐಸಿಎಂಆರ್ ಕೂಡ ಆರೋಗ್ಯ ಸಿಬ್ಬಂದಿಗೆ ಮುನ್ನೆಚ್ಚರಿಕೆಯಾಗಿ ಆ ಮಾತ್ರೆಯನ್ನು ಸೂಚಿಸಿತ್ತು. ಔಷಧಿ ಅಂಗಡಿಗಳಲ್ಲಿ ಜನ ಅದನ್ನು ಕೇಳಿಕೊಂಡು ಅಲೆದದ್ದು ಓದುಗರಿಗೆ ನೆನಪಿರಬಹುದು. ಮುಂದೆ ನಡೆದ ದೊಡ್ಡ ಪ್ರಯೋಗಗಳು ಅದರಿಂದ ಪ್ರಯೋಜನವಿಲ್ಲವೆಂದು ತೋರಿಸಿದವು. 2024ರ ಡಿಸೆಂಬರಿನಲ್ಲಿ ಆ ಲೇಖನವನ್ನು ಪತ್ರಿಕೆ ಹಿಂತೆಗೆದುಕೊಂಡಿತು. ನೈತಿಕ ಸಮಿತಿಯ ಒಪ್ಪಿಗೆ ಬರುವ ಮೊದಲೇ ರೋಗಿಗಳನ್ನು ಸೇರಿಸಿಕೊಳ್ಳಲಾಗಿತ್ತೇ, ಜತೆಗೆ ಕೊಟ್ಟ ಇನ್ನೊಂದು ಔಷಧಿಗೆ ರೋಗಿಗಳ ಒಪ್ಪಿಗೆ ಇತ್ತೇ ಎಂಬ ಸಂಶಯಗಳೂ ಕಾರಣಗಳಲ್ಲಿ ಸೇರಿದ್ದವು.

ಅದೇ ಸಂಸ್ಥೆಯ 456 ಲೇಖನಗಳನ್ನು ಕೆಲವು ವಿಜ್ಞಾನಿಗಳು ಕೂತು ಓದಿದರು. 2023ರಲ್ಲಿ ಅವರು ಪ್ರಕಟಿಸಿದ ವಿಷಯ ಹೀಗಿದೆ: 248 ಲೇಖನಗಳಲ್ಲಿ ನೈತಿಕ ಒಪ್ಪಿಗೆಯ ಒಂದೇ ಸಂಖ್ಯೆ ಇತ್ತು. ಒಂದರಲ್ಲಿ ಮಲ, ಇನ್ನೊಂದರಲ್ಲಿ ರಕ್ತ, ಮತ್ತೊಂದರಲ್ಲಿ ಮೂತ್ರ. ಕೆಲವು ಫ್ರಾನ್ಸಿನಲ್ಲಿ, ಕೆಲವು ಆಫ್ರಿಕಾದ ದೇಶಗಳಲ್ಲಿ. ಎಲ್ಲಕ್ಕೂ ಒಂದೇ ಸಂಖ್ಯೆ. ರೌಲ್ ತಮ್ಮ ಮೇಲಿನ ಆರೋಪಗಳನ್ನು ಒಪ್ಪಲಿಲ್ಲ. ಆದರೆ ಪತ್ರಿಕೆಗಳು ಒಂದೊಂದಾಗಿ ಎಚ್ಚರಿಕೆಯ ಟಿಪ್ಪಣಿ ಹಾಕಿದವು, ಹಲವು ಲೇಖನಗಳನ್ನು ಹಿಂತೆಗೆದುಕೊಂಡವು.

ನಮಗೆ ಇದನ್ನು ಓದಿದಾಗ ಹಳ್ಳಿಯ ಪಹಣಿ ನೆನಪಾಯಿತು. ಒಂದೇ ಸರ್ವೆ ನಂಬರಿನಲ್ಲಿ ಹತ್ತು ಜನರಿಗೆ ಜಮೀನು ಮಾರಿದವರ ಕಥೆಗಳನ್ನು ಕೇಳಿ ಬೆಳೆದವರು ನಾವು. ಅಲ್ಲಿ ಮೋಸಹೋದವರು ಕೋರ್ಟಿಗೆ ಹೋಗುತ್ತಾರೆ. ಇಲ್ಲಿ ಆ ಸಂಖ್ಯೆಯ ಅಡಿಯಲ್ಲಿ ತನ್ನ ಮೈಯ ಒಂದು ಅಂಶ ಇದೆ ಎಂಬುದೇ ಕೊಟ್ಟವನಿಗೆ ತಿಳಿಯದು.

*

ಹಾಗಾದರೆ ಒಪ್ಪಿಗೆ ಎಂದರೇನು?

ನಮ್ಮ ಮನೆಗಳ ನಿಕಾಹ್‌ನಲ್ಲಿ ಹೆಣ್ಣಿನ ಒಪ್ಪಿಗೆ ಕೇಳದೆ ಮದುವೆ ಆಗುವುದಿಲ್ಲ. ವಕೀಲರಾದವರು ಇಬ್ಬರು ಸಾಕ್ಷಿಗಳೊಂದಿಗೆ ಹೆಣ್ಣಿರುವ ಕೋಣೆಯ ಬಾಗಿಲಿಗೆ ಹೋಗಿ ಗಂಡಿನ ಹೆಸರು, ಮಹರಿನ ಮೊತ್ತ ಹೇಳಿ ಕೇಳುತ್ತಾರೆ. ಎಷ್ಟು ಸುಂದರವಾದ ನಿಯಮ! ಆದರೆ ಒಳಗೆ ನಡೆಯುವುದನ್ನೂ ನಾವು ನೋಡಿದ್ದೇವೆ. ತಲೆ ತಗ್ಗಿಸಿ ಕುಳಿತ ಹುಡುಗಿ ಬಾಯಿ ಬಿಡುವುದಿಲ್ಲ. ಹಿಂದೆ ಕುಳಿತ ಯಾರೋ ಹಿರಿಯಾಕೆ ಅವಳ ತಲೆಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿ "ಹ್ಞೂಂ ಅಂದಳು" ಎನ್ನುತ್ತಾರೆ. ಹೊರಗಿನವರಿಗೆ ಅಷ್ಟು ಸಾಕು. ಖಾಜಿಯ ಪುಸ್ತಕದಲ್ಲಿ ಬರೆದಾಗುತ್ತದೆ. ನಿಯಮ ಪೂರೈಸಿತು. ಆ ಹುಡುಗಿ ಒಪ್ಪಿದಳೇ ಎಂಬುದು ಅವಳಿಗೂ ಅವಳ ಸೃಷ್ಟಿಕರ್ತನಿಗೂ ಗೊತ್ತು.

ಪ್ರಶ್ನೆ ಕೇಳುವವನಿಗೆ 'ಇಲ್ಲ' ಎಂಬ ಉತ್ತರವನ್ನು ಕೇಳಿಸಿಕೊಳ್ಳುವ ಮನಸ್ಸಿರಬೇಕು. ಉತ್ತರಿಸುವವನಿಗೆ 'ಇಲ್ಲ' ಎಂದರೂ ತನಗೇನೂ ಆಗದು ಎಂಬ ಧೈರ್ಯವಿರಬೇಕು. ಇವೆರಡೂ ಇಲ್ಲದಿದ್ದರೆ ಒಪ್ಪಿಗೆ ಎಂಬುದು ಬರಿಯ ಶಾಸ್ತ್ರ. ಕ್ಯಾತನಹಳ್ಳಿಯ ಜಗಲಿಯಲ್ಲಿ ಖಾಲಾ ತಲೆಯನ್ನು ಮುಂದಕ್ಕೆ ಒತ್ತಿದ ಕೈ ನಮ್ಮದೇ ಎಂದು ಬರೆಯಲು ನಮಗೆ ಇಷ್ಟು ವರ್ಷ ಬೇಕಾಯಿತು.

ಪಕ್ಕದ ರಾಜ್ಯದ ಒಂದು ಉದಾಹರಣೆ ನೋಡೋಣ. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರದಲ್ಲಿ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸಿನ ವಿರುದ್ಧ ಸಾವಿರಾರು ಹುಡುಗಿಯರಿಗೆ ಅಧ್ಯಯನದ ಭಾಗವಾಗಿ ಲಸಿಕೆ ಹಾಕಲಾಯಿತು. ಖಮ್ಮಂನ ಹುಡುಗಿಯರಲ್ಲಿ ಅನೇಕರು ಹಾಸ್ಟೆಲಿನಲ್ಲಿದ್ದ ಬುಡಕಟ್ಟಿನ ಮಕ್ಕಳು. ಒಪ್ಪಿಗೆ ಪತ್ರಗಳಿಗೆ ತಂದೆ ತಾಯಿಯ ಬದಲು ಹಾಸ್ಟೆಲಿನ ವಾರ್ಡನ್‌ಗಳು ಸಹಿ ಹಾಕಿದ್ದು ಬೆಳಕಿಗೆ ಬಂತು. ಏಳು ಹುಡುಗಿಯರು ಸತ್ತ ಸುದ್ದಿಯ ನಂತರ 2010ರ ಏಪ್ರಿಲಿನಲ್ಲಿ ಅಧ್ಯಯನ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಕಂಡುಬರಲಿಲ್ಲ. ಆದರೆ ಒಪ್ಪಿಗೆ ಪಡೆದ ರೀತಿಯನ್ನು 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಖಂಡಿಸಿತು.

ಇಲ್ಲಿ ಗಮನಿಸಬೇಕಾದ ಅಂಶವಿದೆ. ಆ ಲಸಿಕೆ ಕೆಟ್ಟದ್ದಲ್ಲ. ಜಗತ್ತಿನ ಅನೇಕ ದೇಶಗಳಲ್ಲಿ ಹೆಣ್ಣುಮಕ್ಕಳನ್ನು ಅದು ಕಾಪಾಡುತ್ತಿದೆ. ಅಂದರೆ ವಿಜ್ಞಾನ ಸರಿಯಿದ್ದೂ ನಡೆದುಕೊಂಡ ರೀತಿ ತಪ್ಪಾಗಿರಬಹುದು. ಒಳ್ಳೆಯ ಉದ್ದೇಶ ಕೆಟ್ಟ ಒಪ್ಪಿಗೆಯನ್ನು ಶುದ್ಧ ಮಾಡುವುದಿಲ್ಲ. ಮಾತ್ರವಲ್ಲ, ಹೀಗೆ ಕಳೆದುಕೊಂಡ ನಂಬಿಕೆಯ ಬೆಲೆಯನ್ನು ಮುಂದೆ ಆ ಒಳ್ಳೆಯ ಲಸಿಕೆಯೇ ತೆರಬೇಕಾಗುತ್ತದೆ.

ಇಂಥದ್ದೆಲ್ಲ ಬಡ ದೇಶಗಳಲ್ಲಿ ಮಾತ್ರ ಎಂದು ಭಾವಿಸಬೇಕಿಲ್ಲ. ನ್ಯೂಯಾರ್ಕಿನ ವಿಲೋಬ್ರೂಕ್ ಎಂಬಲ್ಲಿ ಬುದ್ಧಿಮಾಂದ್ಯ ಮಕ್ಕಳ ಸರ್ಕಾರಿ ಶಾಲೆಯಿತ್ತು. 1950ರ ದಶಕದಿಂದ ಅಲ್ಲಿನ ಮಕ್ಕಳಿಗೆ ಬೇಕೆಂದೇ ಕಾಮಾಲೆಯ ಸೋಂಕು ತಗುಲಿಸಿ ಅಧ್ಯಯನ ಮಾಡಿದರು. ತಂದೆ ತಾಯಿಯರು ಸಹಿ ಹಾಕಿದ್ದರು. ಆದರೆ ಒಂದು ಕಾಲಕ್ಕೆ ಶಾಲೆಯಲ್ಲಿ ಜಾಗವಿಲ್ಲ, ಪ್ರಯೋಗದ ವಾರ್ಡಿನಲ್ಲಿ ಮಾತ್ರ ಇದೆ ಎಂಬ ಸ್ಥಿತಿ ಇತ್ತು. ಅಂಥ ಮಗುವನ್ನು ಮನೆಯಲ್ಲಿ ನೋಡಿಕೊಳ್ಳಲಾಗದ ತಾಯಿ ಏನು ಮಾಡಿಯಾಳು? 1966ರಲ್ಲಿ ಹೆನ್ರಿ ಬೀಚರ್ ಎಂಬ ವೈದ್ಯರು ಇಂಥ 22 ಅಧ್ಯಯನಗಳನ್ನು ಎತ್ತಿ ತೋರಿಸಿ ಲೇಖನ ಬರೆದರು. ಅವು ಗುಟ್ಟಾಗಿ ನಡೆದ ಕೆಲಸಗಳಾಗಿರಲಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಬಹಿರಂಗವಾಗಿ ನಡೆದು ಪತ್ರಿಕೆಗಳಲ್ಲಿ ಮರ್ಯಾದೆಯಿಂದ ಅಚ್ಚಾದವು. ಓದಿದವರೆಲ್ಲ ಓದಿದ್ದರು. ಯಾರಿಗೂ ಏನೂ ಅನ್ನಿಸಿರಲಿಲ್ಲ.

*

ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಮ್ಮ ಸ್ನೇಹಿತರೊಬ್ಬರ ಮುಂದೆ ಇದನ್ನೆಲ್ಲ ಹೇಳಿದಾಗ ಅವರು ಕೊಟ್ಟ ಉತ್ತರವನ್ನೂ ಇಲ್ಲಿ ಇಡುವುದು ನ್ಯಾಯ. "ನೀವು ಕಥೆ ಬರೆಯುವವರು, ನಿಮಗೆ ಸುಲಭ. ಪ್ರತಿಯೊಬ್ಬರಿಗೂ ವೈರಸ್ಸು ಎಂದರೇನು, ಪ್ರತಿಕಾಯ ಎಂದರೇನು ಎಂದು ಕೂತು ವಿವರಿಸಿದರೆ ಸಂಶೋಧನೆ ಮುಗಿಯುವುದು ಯಾವಾಗ? ಕಷ್ಟವಾಯಿತೆಂದು ನಾವು ಹಳ್ಳಿಗೆ ಹೋಗುವುದನ್ನೇ ಬಿಟ್ಟರೆ ನಷ್ಟ ಯಾರಿಗೆ? ಶ್ರೀಮಂತರ ಕಾಯಿಲೆಗಳ ಮೇಲೆ ಮಾತ್ರ ಕೆಲಸ ನಡೆಯುತ್ತದೆ."

ಈ ಮಾತಿನಲ್ಲಿ ಸತ್ಯವಿದೆ. ನಮ್ಮ ಮಂಡ್ಯ ಸೀಮೆಗೇ ಅದು ಗೊತ್ತು. ಕನ್ನಂಬಾಡಿ ಕಟ್ಟಿ ನಾಲೆಯಲ್ಲಿ ನೀರು ಹರಿದಾಗ ಭತ್ತ ಬಂತು, ಕಬ್ಬು ಬಂತು, ಜತೆಗೆ ಚಳಿಜ್ವರವೂ ಬಂತು. ಆ ಕಾಲದಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ನಡೆಸಿತು. ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆ ಎಂದು ಅಳೆಯಲು ಮಕ್ಕಳ ಹೊಟ್ಟೆ ಮುಟ್ಟಿ ಜ್ವರಗಡ್ಡೆ ನೋಡುವುದು, ಬೆರಳು ಚುಚ್ಚಿ ರಕ್ತ ತೆಗೆಯುವುದು ಆಗಿನ ಕ್ರಮ. ಆ ಮಕ್ಕಳನ್ನು ಯಾರೂ ಒಪ್ಪಿಗೆ ಕೇಳಿರಲಾರರು. ಆದರೆ ಅಂಥ ಕೆಲಸದಿಂದಲೇ ಮುಂದೆ ಸೊಳ್ಳೆಯನ್ನೂ ಜ್ವರವನ್ನೂ ತಡೆಯಲು ದಾರಿ ಸಿಕ್ಕಿತು. ಅದರ ಫಲ ಉಂಡವರು ನಾವು. ರಕ್ತ ಕೊಡಬೇಡಿ ಎಂದು ಹೇಳುವ ಹಕ್ಕು ನಮಗಿಲ್ಲ. ಹಾಗೆ ಹೇಳುವ ಇರಾದೆಯೂ ಇಲ್ಲ. ವದಂತಿಗೆ ಹೆದರಿ ಲಸಿಕೆ ಹಾಕಿಸದೆ ಮಕ್ಕಳನ್ನು ಕಳೆದುಕೊಂಡ ಮನೆಗಳ ದುಃಖ ನಮ್ಮ ಸಮುದಾಯಕ್ಕೂ ತಿಳಿಯದ್ದಲ್ಲ.

ಆದರೆ ಸ್ನೇಹಿತರ ವಾದದಲ್ಲಿ ಒಂದು ಬಿರುಕಿದೆ. ವಿವರಿಸಲು ಸಮಯವಿಲ್ಲ ಎಂಬುದು ಯಾರ ಸಮಯದ ಮಾತು? ರಕ್ತ ತೆಗೆಯಲು ಸಮಯವಿದೆ, ಅದನ್ನು ಮಂಜಿನ ಪೆಟ್ಟಿಗೆಯಲ್ಲಿಟ್ಟು ನೂರಾರು ಮೈಲಿ ಸಾಗಿಸಲು ಸಮಯವಿದೆ, ಲೇಖನ ಬರೆದು ತಿದ್ದಿ ಹತ್ತು ಸಲ ಕಳುಹಿಸಲು ಸಮಯವಿದೆ. ಕೊಟ್ಟವರ ಹತ್ತಿರ ವಾಪಸು ಬಂದು "ಅವ್ವಾ, ನಿಮ್ಮೂರಿನ ರಕ್ತದಲ್ಲಿ ನಮಗೆ ಸಿಕ್ಕಿದ್ದು ಇದು" ಎಂದು ಹೇಳಲು ಮಾತ್ರ ಸಮಯವಿಲ್ಲವೆಂದರೆ ಅದನ್ನು ಸಮಯದ ಕೊರತೆ ಎನ್ನಲಾಗದು. ಅವರನ್ನು ನಾವು ಎಲ್ಲಿ ಇಟ್ಟಿದ್ದೇವೆ ಎಂಬುದರ ಅಳತೆ ಅದು.

ಇಂಗ್ಲಿಷಿನಲ್ಲಿ ಇಂಥವರನ್ನು ಬಹುಕಾಲ 'ಸಬ್ಜೆಕ್ಟ್' ಎಂದು ಕರೆದರು. ಆ ಪದಕ್ಕೆ ವಿಷಯ ಎಂಬ ಅರ್ಥವೂ ಇದೆ, ಅರಸನ ಪ್ರಜೆ ಎಂಬ ಅರ್ಥವೂ ಇದೆ. ಐಸಿಎಂಆರ್ 2000ದಲ್ಲಿ ಹೊರತಂದ ಮಾರ್ಗಸೂಚಿಯ ಹೆಸರಿನಲ್ಲಿ ಆ ಪದವೇ ಇತ್ತು. 2006ರಲ್ಲಿ ಅದು 'ಪಾರ್ಟಿಸಿಪೆಂಟ್', ಅಂದರೆ ಪಾಲ್ಗೊಂಡವರು ಎಂದಾಯಿತು. 1964ರ ಹೆಲ್ಸಿಂಕಿ ಘೋಷಣೆಯಲ್ಲಿ ಈ ಬದಲಾವಣೆ ಆಗಲು 2024 ಬರಬೇಕಾಯಿತು. ಪದ ಬದಲಾದದ್ದು ಸಂತೋಷ. ಆದರೆ ಪಾಲ್ಗೊಂಡವರು ಎಂದ ಮೇಲೆ ಅವರಿಗೆ ಒಂದು ಪಾಲೂ ಇರಬೇಕಲ್ಲವೆ?

*

ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದಾಗ ನಮ್ಮನ್ನು ಗಲಿಬಿಲಿಗೊಳಿಸಿದ ಪದಗಳಲ್ಲಿ 'ಅಮಾನತ್ತು' ಒಂದು. ಕನ್ನಡ ಪತ್ರಿಕೆಯಲ್ಲಿ 'ಗುಮಾಸ್ತ ಅಮಾನತ್ತು' ಎಂದು ಓದಿ, ಆತನನ್ನು ಯಾರ ಬಳಿ ಜೋಪಾನವಾಗಿ ಇಟ್ಟರು ಎಂದು ಯೋಚಿಸಿದ್ದೆವು. ಮನೆಯಲ್ಲಿ ನಮಗೆ ಗೊತ್ತಿದ್ದ ಅಮಾನತ್ತು ಬೇರೆ. ಹಜ್ಜಿಗೆ ಹೊರಟವರು ನೆರೆಮನೆಯಲ್ಲಿ ಬಿಟ್ಟುಹೋದ ಒಡವೆ ಅಮಾನತ್ತು. ಅದನ್ನು ಇಟ್ಟುಕೊಂಡವರು ಒಡೆಯರಲ್ಲ. ಬಳಸುವುದಿದ್ದರೆ ಕೇಳಿ ಬಳಸಬೇಕು. ಕೇಳಿದಾಗ ಲೆಕ್ಕ ಕೊಡಬೇಕು. ಕೊಟ್ಟವರು ಮರೆತಿದ್ದರೂ ಇಟ್ಟುಕೊಂಡವರು ಮರೆಯುವಂತಿಲ್ಲ.

ಸಂಶೋಧನೆಗೆಂದು ಕೊಟ್ಟ ರಕ್ತವೂ ಹೀಗೆಯೇ ಎಂಬುದು ನಮ್ಮ ನಂಬಿಕೆ. ಅದು ಮಾರಿದ ಸರಕಲ್ಲ, ಬಿಸ್ಕತ್ತಿಗೆ ಅದು ಬೆಲೆಯೂ ಅಲ್ಲ. ಎಸೆದ ಕಸವಲ್ಲ. ಪೂರ್ತಿ ದಾನವೂ ಅಲ್ಲ. ದಾನವಾಗಿದ್ದರೆ ಖಾಲಾ ಅದರ ಸುದ್ದಿಯನ್ನು ಕೇಳುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿದ ಕ್ಷಣಕ್ಕೆ ಒಪ್ಪಿಗೆಯ ಕೆಲಸ ಮುಗಿಯಿತು ಎಂದು ಸಂಶೋಧಕ ಭಾವಿಸುತ್ತಾನೆ. ಕೊಟ್ಟವಳ ಪಾಲಿಗೆ ಸಂಬಂಧ ಆಗಷ್ಟೇ ಆರಂಭವಾಗಿರುತ್ತದೆ.

ಮಲೆನಾಡಿನ ಮಂಗನ ಕಾಯಿಲೆಯನ್ನೇ ನೋಡಿ. ಅಲ್ಲಿನ ಜನ ದಶಕಗಳ ಕಾಲ ಅಧ್ಯಯನಕ್ಕೆ ರಕ್ತ ಕೊಟ್ಟಿದ್ದಾರೆ, ಲಸಿಕೆಗೆ ತೋಳು ಕೊಟ್ಟಿದ್ದಾರೆ. 2005ರಿಂದ 2010ರವರೆಗಿನ ಲೆಕ್ಕವನ್ನಿಟ್ಟು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಸಲ ಲಸಿಕೆ ಪಡೆದವರಲ್ಲಿ ಅದರ ರಕ್ಷಣೆ ಶೇಕಡ 62ರಷ್ಟು, ಮೇಲೊಂದು ಬೂಸ್ಟರ್ ಪಡೆದವರಲ್ಲಿ ಶೇಕಡ 83ರಷ್ಟು. ಮುಂದೆ ಅದರ ಪರಿಣಾಮ ಸಾಲದೆಂದು 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು. ಅಂಕಿಗಳು ಇಂಗ್ಲಿಷ್ ಪತ್ರಿಕೆಯಲ್ಲಿದ್ದವು. ಉಣ್ಣೆ ಕಚ್ಚುವ ಕಾಡಿಗೆ ಸೊಪ್ಪು, ಸೌದೆ ತರಲು ಹೋಗುವ ಹೆಂಗಸಿಗೆ ಅದೇ ಅಂಕಿ ಬದುಕಿನ ಪ್ರಶ್ನೆ. ನೂರಕ್ಕೆ ಅರವತ್ತೆರಡು ಎಂದು ಗೊತ್ತಿದ್ದರೆ ಆಕೆ ಮೈಗೆ ಎಣ್ಣೆ ಹಚ್ಚಿಕೊಂಡು ಹೋಗುತ್ತಿದ್ದಳೇನೋ, ಮೂರನೆಯ ಸೂಜಿಗೆ ತಪ್ಪದೆ ಬರುತ್ತಿದ್ದಳೇನೋ. ತಿಳಿವಳಿಕೆಯನ್ನು ವಾಪಸು ಕೊಡುವುದು ಉಪಕಾರ ಎಂದುಕೊಳ್ಳಬಾರದು. ಅದು ಅಮಾನತ್ತಿನ ಲೆಕ್ಕ ಒಪ್ಪಿಸುವುದು.

ಈ ಮಾತನ್ನು ವಿಜ್ಞಾನಿಗಳಿಗೆ ಮಾತ್ರ ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಖಾಲಾ ಬದುಕಿನ ಒಂದು ಸಂಗತಿಯನ್ನು ನಾವು ಹಿಂದೊಮ್ಮೆ ಕಥೆ ಮಾಡಿದ್ದೆವು. ಹೆಸರು ಬದಲಿಸಿದ್ದೆವು, ಊರು ಬದಲಿಸಿದ್ದೆವು. ಅವರನ್ನು ಕೇಳಿರಲಿಲ್ಲ. ಅಚ್ಚಾದ ಮೇಲೆ ಓದಿ ಹೇಳಲೂ ಇಲ್ಲ. ಓದಿದವರು ಮೆಚ್ಚಿದರು, ನಮಗೆ ಹೆಸರು ಬಂತು. ಕಥೆ ಬರೆಯುವವರೂ ಜೀಪಿನಲ್ಲಿ ಬಂದು ಹೋಗುವವರೇ.

*

ಹೋದ ವರ್ಷ ಕ್ಯಾತನಹಳ್ಳಿಗೆ ಹೋಗಿದ್ದೆವು. ಖಾಲಾ ಈಗಿಲ್ಲ. ಅವರ ಮಗನ ಮನೆಯಲ್ಲಿ ಊಟ ಮಾಡಿ ಹೊರಗೆ ಬಂದಾಗ ಊರಿನಲ್ಲಿ ಯಾವುದೋ ಆರೋಗ್ಯ ಅಧ್ಯಯನದ ಶಿಬಿರ ನಡೆದಿತ್ತು. ಆಶಾ ಕಾರ್ಯಕರ್ತೆಯೊಬ್ಬರು ನಮ್ಮನ್ನು ಗುರುತು ಹಿಡಿದು, "ಅಣ್ಣಾ, ಈ ಅಜ್ಜಿಗೆ ಒಸಿ ಓದಿ ಹೇಳಿ, ನನ್ ಮಾತ್ ಕೇಳ್ತಿಲ್ಲ" ಎಂದು ಒಂದು ಕಾಗದ ಕೊಟ್ಟರು. ಈ ಸಲವೂ ಕನ್ನಡದಲ್ಲೇ ಇತ್ತು. ಈ ಸಲ ಮೂರು ಪುಟ.

ನಾವು ಅಜ್ಜಿಯ ಪಕ್ಕದಲ್ಲಿ ಕುಳಿತು ಮೊದಲಿನಿಂದ ಕೊನೆಯವರೆಗೆ ಓದಿದೆವು. ಕಚೇರಿ ಕನ್ನಡವನ್ನು ಊರಿನ ಮಾತಿಗೆ ತಂದೆವು. ಎಷ್ಟು ರಕ್ತ ತೆಗೆಯುತ್ತಾರೆ, ಎಲ್ಲಿಗೆ ಒಯ್ಯುತ್ತಾರೆ, ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ, ಬೇಡವೆಂದರೆ ಆಸ್ಪತ್ರೆಯಲ್ಲಿ ಸಿಗುವ ಔಷಧಿಗೆ ತೊಂದರೆ ಇಲ್ಲ, ಎಲ್ಲ ಹೇಳಿದೆವು. ಅರ್ಧ ಗಂಟೆಯಾಯಿತು. ಅಜ್ಜಿ ನಡುನಡುವೆ ಪ್ರಶ್ನೆ ಕೇಳಿದರು. ಎರಡು ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರ ಇರಲಿಲ್ಲ. ಆಶಾ ಕಾರ್ಯಕರ್ತೆ ಎದ್ದು ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದರು.

ಎಲ್ಲ ಕೇಳಿಸಿಕೊಂಡ ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದರು. "ತಿಳೀತು ಕಣಪ್ಪ. ನಂಗ್ ಬ್ಯಾಡ" ಎಂದು ಹೇಳಿ ಮನೆಯ ಕಡೆ ನಡೆದರು.

ಆಶಾ ಕಾರ್ಯಕರ್ತೆಯ ಮುಖ ಸಪ್ಪಗಾಯಿತು. ಅವರ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾಯಿತು. ನಿಜ ಹೇಳಬೇಕೆಂದರೆ ನಮಗೂ ಒಂದು ಕ್ಷಣ ಬೇಸರವಾಯಿತು, ಅರ್ಧ ಗಂಟೆ ದಂಡವಾಯಿತಲ್ಲ ಎಂದು. ಆಮೇಲೆ, ಖಾಲಾಗೆ ಆ ಅರ್ಧ ಗಂಟೆಯನ್ನು ನಾವು ಕೊಟ್ಟಿರಲಿಲ್ಲ ಎಂಬುದು ನೆನಪಾಯಿತು.